ಸಡಿಲಾದ ಹಗ್ಗ

ಶಿರಾ ಸೀಮೆಯ ತಾವರೆಕೆರೆಯಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವುದೆಂದರೆ ಹಬೀಬ್ ಸಾಬನೇ ಹೊಡೆಯಬೇಕು. ಎತ್ತುಗಳನ್ನು ಹಿಂದಕ್ಕೆ ನಡೆಸಿ ಚರ್ಮದ ಬಾನಿಯನ್ನು ಬಾವಿಗಿಳಿಸಿದರೆ, ನೀರು ಮುಟ್ಟಿತೇ ಎಂದು ಆತ ಬಗ್ಗಿ ನೋಡಿದವನಲ್ಲ. ಮುಟ್ಟಿದೊಡನೆ ಕೈಯೂರಿದ ಹಗ್ಗ ಸಡಿಲಾಗುತ್ತಿತ್ತು, ಅಷ್ಟು ಸಾಕು.

ಅಂಥವನು ಅರವತ್ತೆರಡನೇ ಇಸವಿಯಲ್ಲಿ ಮಂಗಳೂರಿನ ಕಡಲ ಮೇಲೆ, ಸರ್ವೆ ದೋಣಿಯ ಹಿಂಬದಿಯಲ್ಲಿ ನಿಂತು ಅಲ್ಲಾನನ್ನು ನೆನೆಯುತ್ತಿದ್ದ. ಕೂಲಿಗೆಂದು ಕರೆತಂದವನು ಮಧುಗಿರಿಯ ತಿಪ್ಪಯ್ಯ, ಅದೇ ದೋಣಿಯ ಆಳು. ದೋಣಿ ಓಡುತ್ತಿರುವಾಗಲೇ ಮೀನಿನಾಕಾರದ ಹಿತ್ತಾಳೆ ಯಂತ್ರವನ್ನು ಉಕ್ಕಿನ ತಂತಿಯಲ್ಲಿ ನೀರಿಗೆ ಬಿಡಬೇಕು, ರಾಟೆಯ ಬ್ರೇಕು ಹಾಕಿ ಮೇಲಕ್ಕೆ ಸುತ್ತಬೇಕು. ಯಂತ್ರದ ಹೊಟ್ಟೆಯಲ್ಲಿ ಹೊಗೆ ಹಿಡಿಸಿದ ಗಾಜಿನ ಚೂರು. ಯಾವ ಆಳದಲ್ಲಿ ನೀರು ಎಷ್ಟು ಬಿಸಿ, ಎಷ್ಟು ತಂಪು ಎಂದು ಸೂಜಿಯೊಂದು ಅದರ ಮೇಲೆ ಗೀರುತ್ತಿತ್ತು.

“ನಿಮ್ ಕಪಿಲೆನೇ ಅಂದ್ಕಳಿ ಸಾಬ್ರೇ, ಎತ್ತೊಂದಿಲ್ಲ,” ಎಂದು ನಕ್ಕ ತಿಪ್ಪಯ್ಯ. “ಆದ್ರೆ ರಾಟೆ ಮ್ಯಾಲೆ ತಂತಿ ಅಳತೆ ತೋರ್ಸೋ ಆ ಮುಳ್ಳು ಕೆಂಪು ಗೆರೆಗೆ ಬಂದೇಟ್ಗೇ ಬ್ರೇಕು ಹಾಕ್ಬುಡಿ. ತಂತಿ ಗಿಂತಿ ತುಂಡಾದ್ರೆ ನನ್ ಕಾಲು ಕುಯ್ಕೊಂಡೇ ಹೋಯ್ತದೆ.”

“ಅಂಗನ್ಬ್ಯಾಡ ತಿಪ್ಪಣ್ಣ, ಮೊದ್ಲೇ ಕಡ್ಲು ನಂಗೆ ಹೊಸ್ದು.”

ಯಂತ್ರ ಮುಳುಗಿತು. ಹಬೀಬನ ಕಣ್ಣು ಮುಳ್ಳಿನ ಮೇಲಿರಲಿಲ್ಲ, ತಂತಿಯ ಮೇಲಿತ್ತು. ತಂತಿ ಸಡಿಲಾಯಿತು. ‘ಮುಟ್ಟಿತು ನೀರು’ ಎಂದು ನಿರಾಳವಾಗಿ ಬ್ರೇಕು ಹಾಕಿದ. ಹಾಕಿದ ಮೇಲೆ ಹೊಳೆಯಿತು. ಯಂತ್ರ ಆಗಲೇ ನೀರಿನಲ್ಲಿತ್ತಲ್ಲ! ಮುಟ್ಟಿದ್ದು ಕಡಲಿನ ತಳ.

ದೋಣಿ ಮುಂದಕ್ಕೆ ಓಡುತ್ತಲೇ ಇತ್ತು. ಕೆಸರಲ್ಲಿ ಹೂತ ಯಂತ್ರ ಕದಲಲಿಲ್ಲ. ತಂತಿ ಬಿಗಿದು ಝುಂಯ್ ಎನ್ನತೊಡಗಿತು. ಅದರ ಪಕ್ಕದಲ್ಲೇ ತಿಪ್ಪಯ್ಯ, ದೋಣಿಯಂಚಿನ ಕಟಕಟೆಗೆ ಅಂಟಿಕೊಂಡು, ಅಲ್ಲಾಡಲೂ ಜಾಗವಿಲ್ಲದೆ ನಿಂತಿದ್ದ. ಬ್ರೇಕು ಬಿಡಬೇಕೆಂದು ಹಬೀಬನಿಗೆ ಗೊತ್ತು, ಬೆರಳು ಬಿಚ್ಚಲೊಲ್ಲವು. ಕೊನೆಗೆ ಬಾಯಿಂದ ಹೊರಟದ್ದು ಬಾವಿಕಟ್ಟೆಯ ಕೂಗು:

“ಹಿಂದ್ಕೆ! ಹಿಂದ್ಕೆ ಬಸ್ವಾ!”

ದೋಣಿ ನಡೆಸುವವನು ಬೆಚ್ಚಿ ಹಿಂತಿರುಗಿ ನೋಡಿದವನೇ ಎಂಜಿನ್ ನಿಲ್ಲಿಸಿದ. ತಂತಿ ಜೋತುಬಿತ್ತು. ತಿಪ್ಪಯ್ಯ ಅಲ್ಲೇ ಕುಸಿದು ಎರಡೂ ಕಾಲು ಮುಟ್ಟಿ ನೋಡಿಕೊಂಡ.

“ಯಾವ್ ಎತ್ತು ಕರೆದ್ರಿ ಸಾಬ್ರೇ?” ನಗಲು ಹೋದರೆ ಹಲ್ಲು ಕಟಕಟ ಎಂದಿತು.

ಯಂತ್ರ ಬಾಯ್ತುಂಬ ಕೆಸರು ಕಚ್ಚಿಕೊಂಡು ಮೇಲೆ ಬಂತು. ದೋಣಿಯಲ್ಲಿದ್ದ ಸರ್ವೆ ಸಾಹೇಬರು ಅದನ್ನು ತೊಳೆದು, “ಇನ್ನೊಮ್ಮೆ ಬಿಡಿ,” ಎಂದರು. ಮಳೆಗಾಲ ಹಿಡಿಯುವವರೆಗೂ ಹಬೀಬ್ ಬಿಟ್ಟ, ಮುಳ್ಳಿನಿಂದ ಕಣ್ಣು ಕೀಳದೆ, ಅಂಗಿ ಬೆವರಲ್ಲಿ ನೆನೆಸಿಕೊಂಡು.

ಊರಿಗೆ ಮರಳಿ ಮತ್ತೆ ಕಪಿಲೆ ಹೂಡಿದ. ಬಾನಿ ನೀರು ಮುಟ್ಟಿ ಹಗ್ಗ ಸಡಿಲಾದದ್ದೇ ತಡ, “ತಿಪ್ಪಣ್ಣಾ, ಕಾಲು!” ಎಂದು ಚೀರಿಬಿಡುತ್ತಿದ್ದ. ಎತ್ತುಗಳು ಕಿವಿ ನಿಮಿರಿಸಿ ನಿಲ್ಲುತ್ತಿದ್ದವು. ಮೊದಮೊದಲು ನಗುತ್ತಿದ್ದ ಹೆಂಡತಿ ಖಾಜಾಬಿ ಈಗ ನಗುವುದಿಲ್ಲ. ಕಾಲುವೆಯ ಬದಿಯಿಂದ ಮೆಲ್ಲಗೆ ಕೂಗುತ್ತಾಳೆ:

“ಇದು ನಮ್ ಬಾವಿ ಕಣ್ರೀ. ಎತ್ತು ಹೊಡೀರಿ.”