ಟೇಪ್ ಡ್ರೈವ್ ಮುಟ್ಟಲು ಅನುಮತಿ ಸಿಕ್ಕ ದಿನ

ಚಿತ್ರದುರ್ಗದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಸಹಾಯಕಿ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಹಿರಿಯೂರಿಗೆ ವರ್ಗವಾದ ಮೇಲೆ ಸರ್ವರ್ ಕೂಡ ನನ್ನ ತಲೆಗೆ ಬಂತು. ಓದಿದ್ದು ಬಿ.ಎ. ಉಳಿದದ್ದನ್ನು ಕೈಪಿಡಿ ನೋಡಿ, ತಪ್ಪು ಮಾಡಿ ಕಲಿತೆ.

ನಮ್ಮ ಇತಿಹಾಸದ ಮೇಷ್ಟ್ರುಗಳು ತುರುವನೂರಿನ ಹಿರಿಯರನ್ನು ಮಾತಾಡಿಸಿ, ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಊರು ಹೇಗಿತ್ತೆಂದು ರೆಕಾರ್ಡ್ ಮಾಡಿಟ್ಟಿದ್ದರು. ಒಂದು ಬೆಳಿಗ್ಗೆ ಅವೆಲ್ಲ ಇದ್ದ ಡಿಸ್ಕ್ ಕೆಟ್ಟಿತು. ಇನ್ನೊಂದು ಪ್ರತಿ ಇದ್ದದ್ದು ಬ್ಯಾಕಪ್ ಟೇಪಿನಲ್ಲಿ ಮಾತ್ರ. ಅವತ್ತೇ ತುರುವನೂರಿನಿಂದ ಒಬ್ಬ ಅಜ್ಜಿ ಬಸ್ಸು ಹಿಡಿದು ಬಂದಿದ್ದರು. ಆ ರೆಕಾರ್ಡಿಂಗಿನಲ್ಲಿ ಅವರ ಗಂಡ ಮಾತಾಡಿದ್ದರು, ಈಗ ಅವರಿಲ್ಲ.

"ಸಿಗ್ತೈತೇನವ್ವ?"

"ನೋಡ್ತೀನಿ ಅಜ್ಜಿ, ಕುಂತ್ಕಳ್ರಿ."

ಟೇಪ್ ಓದುವ ಯಂತ್ರಕ್ಕೆ, ಅಂದರೆ ಡ್ರೈವಿಗೆ, ಟೇಪ್ ಹಾಕಿದೆ. ಡ್ರೈವ್ ತೆರೆಯಲಾಗುತ್ತಿಲ್ಲ ಎಂದು ಬ್ಯಾಕಪ್ ಸಾಫ್ಟ್‌ವೇರ್ ಹೇಳಿತು. ಡ್ರೈವ್ ಮಾರಿದ ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದೆ.

"ಡ್ರೈವ್ ಹೋಗಿರುತ್ತೆ ಮೇಡಂ. ಬಿಚ್ಚಿ ಕಳಿಸಿ."

ನನಗೆ ನಂಬಿಕೆ ಬರಲಿಲ್ಲ. ಸರ್ವರಿನ ಎಲ್ಲ ಅಧಿಕಾರವೂ ಇರುವ ಮುಖ್ಯ ಖಾತೆಯಿಂದ ನೇರವಾಗಿ ಟೇಪ್ ಓದಿಸಿ ನೋಡಿದೆ. ಸಲೀಸಾಗಿ ಓದಿತು. ಡ್ರೈವ್ ಚೆನ್ನಾಗಿಯೇ ಇತ್ತು. ಸಾಫ್ಟ್‌ವೇರಿಗೆ ಅದನ್ನು ಮುಟ್ಟುವ ಅನುಮತಿ ಇರಲಿಲ್ಲ. ಹಿಂದಿನ ವಾರ ನಾನೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೆ. ಅಲ್ಲಿಯವರೆಗೆ ಮುಖ್ಯ ಖಾತೆಯಲ್ಲಿ ಓಡುತ್ತಿದ್ದದ್ದು ಆಮೇಲೆ ತನ್ನದೇ ಬೇರೆ ಖಾತೆಯಲ್ಲಿ ಓಡುತ್ತಿತ್ತು. ಟೇಪ್ ಬಳಸಬಹುದಾದವರ ಗುಂಪಿನಲ್ಲಿ ಆ ಖಾತೆ ಇರಲೇ ಇಲ್ಲ. ಸೇರಿಸಿದೆ. ಮತ್ತೆ ಅದೇ ದೋಷ.

ಎಲ್ಲ ಖಾತೆಗಳಿಗೂ ಅನುಮತಿ ಕೊಟ್ಟುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಆಗ ಯಾರು ಬೇಕಾದರೂ ಟೇಪ್ ಅಳಿಸಿಬಿಡಬಹುದಿತ್ತು, ಅದು ಸರಿಯಾದ ಕೆಲಸವಲ್ಲವೆಂದು ಗೊತ್ತಿತ್ತು. ಕೈಪಿಡಿಯನ್ನು ಇನ್ನೊಮ್ಮೆ ಮೊದಲಿಂದ ಓದಿದೆ. ಆಗಲೇ ಓಡುತ್ತಿರುವ ಸಾಫ್ಟ್‌ವೇರಿಗೆ ಹೊಸ ಗುಂಪು ತಿಳಿಯುವುದಿಲ್ಲ, ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು ಎಂಬುದು ಆಗ ಹೊಳೆಯಿತು. ಹಾಗೇ ಮಾಡಿದೆ. ಟೇಪ್ ಗಿರ್ರೆಂದು ತಿರುಗಿತು.

ಇಂಜಿನಿಯರಿಗೆ ತಿಳಿಸಿದಾಗ, "ಮಾಡಿದ್ದನ್ನ ಬರ್ದು ಕಳಿಸ್ತೀರಾ ಮೇಡಂ? ಬೇರೆ ಕಡೆನೂ ಹಿಂಗೇ ಆಗಿದೆ" ಅಂದರು. ಹೊಸದುರ್ಗದ ಒಂದು ಕಾಲೇಜಿನವರು ಈಗಲೂ ಇಂಥದ್ದಕ್ಕೆ ನನಗೇ ಫೋನ್ ಮಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಫೈಲುಗಳೆಲ್ಲ ಇನ್ನೊಂದು ಡಿಸ್ಕಿಗೆ ವಾಪಸ್ ಬಂದವು. ಅಜ್ಜಿಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದರು.

"ಇವ್ರೇ ಕಣವ್ವ. ಕೆಮ್ಮಿ ಕೆಮ್ಮಿ ಮಾತು ಶುರು ಮಾಡೋರು."

ಪೂರ್ತಿ ಕೇಳಿಯಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದರು: "ಕೆಟ್ಟೋಗಿತ್ತು ಅಂದ್ರಲ್ಲ, ಯಾರು ಸರಿ ಮಾಡಿದ್ದು?"

ಬೇರೆ ದಿನವಾಗಿದ್ದರೆ, ಹೇಗೋ ಸರಿಹೋಯಿತು ಬಿಡಿ ಎಂದಿರುತ್ತಿದ್ದೆ. ಸುದ್ದಿ ಕೇಳಿ ಬಂದಿದ್ದ ಪ್ರಿನ್ಸಿಪಾಲರೂ ಮೇಷ್ಟ್ರುಗಳೂ ಅಲ್ಲೇ ನಿಂತಿದ್ದರು.

"ನಾನೇ, ಅಜ್ಜಿ" ಅಂದೆ.