ಲೈಬ್ರರಿ ಮೇಡಂ ಅವರ ಕೆಂಪು ಶೂ

ಲೈಬ್ರರಿ ಮೇಡಂ ರಿಟೈರಾಗಲು ಇನ್ನೆರಡೇ ವರ್ಷ. ಕಾಲಲ್ಲಿ ಮಾತ್ರ ಕಾಲೇಜು ದಿನಗಳಿಂದಲೂ ಅದೇ ಮಾದರಿಯ, ಕಣಕಾಲು ಮುಚ್ಚುವ ಕೆಂಪು ಬಾಸ್ಕೆಟ್‌ಬಾಲ್ ಶೂ. ಒಂದು ಜೊತೆ ಸವೆದರೆ ಅಂಥದ್ದೇ ಇನ್ನೊಂದು. ಓದಲು ಬಂದ ಹುಡುಗಿಯರು ಹೊಸ ಫ್ಯಾಷನ್ ಅಂದುಕೊಂಡು, “ಸೂಪರ್ ಮೇಡಂ, ಎಲ್ಲಿ ತಗೊಂಡ್ರಿ?” ಅಂದರೆ, “ನಿಮ್ಮಮ್ಮ ಅಂಬೆಗಾಲಿಡ್ತಿದ್ದ ಕಾಲದ ಶೂ ಕಣ್ರೇ ಇದು!” ಎಂದು ಬೀಗುತ್ತಾರೆ. ಚೂರು ಧೂಳು ಕೂತರೂ ಹಲ್ಲುಜ್ಜುವ ಬ್ರಷ್ಷು ಹೊರಬರುತ್ತದೆ. ಏಣಿ ಪಕ್ಕದಲ್ಲೇ ಇದ್ದರೂ, ಮೇಲಿನ ಗೂಡಿಗೆ ಪುಸ್ತಕ ಸೇರಿಸಬೇಕಾದರೆ ಎರಡು ಹೆಜ್ಜೆ ಓಡಿಬಂದು ನೆಗೆಯುತ್ತಾರೆ. “ಸೊಂಟ ಉಳುಕೀತು ಮೇಡಂ!” ಎಂಬ ಜವಾನನ ಗೋಳನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಪುಸ್ತಕ ಗೂಡು ಸೇರಿದೊಡನೆ ಅವರು ತಿರುಗಿ ನೋಡುವುದು ಮೂಲೆಯ ಖಾಲಿ ಬೆಂಚನ್ನು. ಕುಳ್ಳಿಯೆಂದು ಒಂದು ದಿನವೂ ಆಡಲು ಕರೆಯದೆ, ಲೇಸು ಬಿಗಿದು ಕಾಯುತ್ತಿದ್ದ ಅವರನ್ನು ಕಾಲೇಜು ತಂಡ ಮೂರು ವರ್ಷ ಕೂರಿಸಿದ್ದು ಅಂಥದ್ದೇ ಬೆಂಚಿನ ಮೇಲೆ.