ಅಕ್ಕ ಬೀಗ ಹಾಕಿಸಿದ ಹಣ

ಹಾರನಹಳ್ಳಿ ಕಡೆಯ ಅಕ್ಕನ ಜಮೀನು ರಸ್ತೆಗೆ ಹೋಗಿ ಪರಿಹಾರ ಬಂದಾಗ, ಅದನ್ನು ಎಲ್ಲಿಡಬೇಕೆಂದು ಅವಳು ನನ್ನನ್ನು ಕೇಳಿದಳು. ಮ್ಯೂಚುವಲ್ ಫಂಡುಗಳಲ್ಲಿ ಎರಡು ಬಗೆ ಎಂದೆ. ಓಪನ್-ಎಂಡ್ ಆದರೆ ಬೇಕೆಂದಾಗ ಕಂಪನಿಯೇ ಹಣ ವಾಪಸ್ ಕೊಡುತ್ತದೆ. ಕ್ಲೋಸ್ಡ್-ಎಂಡ್ ಆದರೆ ಅವಧಿ ಮುಗಿಯುವ ತನಕ ಕೊಡುವುದಿಲ್ಲ. ನಡುವೆ ಬೇಕಾದರೆ ಷೇರುಪೇಟೆಯಲ್ಲಿ ಕೊಳ್ಳುವವರು ಸಿಗಬೇಕು.

"ಎರಡ್ನೇದೇ ಇರ್ಲಿ ಕಣೋ," ಅಂದಳು. "ನಿಮ್ ಭಾವ ಯಾರ್ ಬಂದ್ ಕೇಳುದ್ರೂ ಇಲ್ಲ ಅನ್ನಲ್ಲ. 'ದುಡ್ಡು ಸಿಕ್ಕಾಕಂಡದೆ' ಅಂತ ಹೇಳಾಕೆ ಒಂದ್ ನೆಪ ಬೇಕು."

ಭಾವ ನಕ್ಕರು. ನೆಪ ಚೆನ್ನಾಗಿಯೇ ಕೆಲಸ ಮಾಡಿತು. ಕೈಸಾಲ ಕೇಳುವ ನೆಂಟರು ಬರುವುದನ್ನೇ ಬಿಟ್ಟರು.

ಮರುವರ್ಷ ಅಕ್ಕನ ಹೃದಯದ ವಾಲ್ವ್ ಕೆಟ್ಟಿತು. ಆಪರೇಷನ್ ತಡ ಮಾಡಬೇಡಿ ಎಂದರು ಮೈಸೂರಿನ ಡಾಕ್ಟರು. ಫಂಡಿನ ಅವಧಿ ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಯೂನಿಟ್‌ಗಳನ್ನು ಷೇರುಪೇಟೆಯಲ್ಲಿ ಮಾರಾಟಕ್ಕೆ ಇಟ್ಟೆ. ಕೊಳ್ಳುವವರು ಬರಲಿಲ್ಲ. ಬೆಲೆ ಇಳಿಸಿದೆ. ಆಗಲೂ ಬರಲಿಲ್ಲ.

ಭಾವ ಪಿರಿಯಾಪಟ್ಟಣದ ಹರಾಜಿಗೆ ಹೊಗೆಸೊಪ್ಪು ಹಾಕಿಯೇ ತಲೆ ನರೆಸಿಕೊಂಡವರು. ಯಾರೂ ಬೆಲೆ ಕೂಗದ ಸೊಪ್ಪಿನ ಬೇಲ್‌ಗೆ ಅಲ್ಲಿ 'ನೋ ಬಿಡ್' ಎನ್ನುತ್ತಾರೆ. ಬೆಳೆಗಾರ ಅದನ್ನು ಮನೆಗೆ ವಾಪಸ್ ಹೊತ್ತು, ಇನ್ನೊಂದು ದಿನ ತರುತ್ತಾನೆ. ದಿನಾ ಷೇರುಪೇಟೆ ಮುಚ್ಚಿದ ಮೇಲೆ ಅವರ ಫೋನ್ ಬರುತ್ತಿತ್ತು.

"ಬಿಡ್ ಬಂತಾ?"

"ಇಲ್ಲ ಭಾವ."

"ಮೊಬೈಲ್ನಲ್ಲಿ ರೇಟ್ ಜಾಸ್ತಿ ತೋರುಸ್ತಾ ಅದಲ್ಲಪ್ಪ!"

"ಅದು ಕಂಪನಿ ಲೆಕ್ಕ ಹಾಕಿದ ಬೆಲೆ. ಆ ಬೆಲೆಗಿರಲಿ, ಅದಕ್ಕಿಂತ ಕಮ್ಮಿಗೂ ತಗೊಳ್ಳೋರು ಇಲ್ಲ."

ಹಿಂದಿನಿಂದ ಅಕ್ಕನ ದನಿ, ಏದುಸಿರಿನ ನಡುವೆ: "ನನ್ನೂ ಹರಾಜ್ಗೆ ಇಡ್ರಿ. ಅದೂ ನೋ ಬಿಡ್ಡೇ."

"ಸುಮ್ಕಿರೇ," ಎಂದು ಭಾವ ಗದರಿದರು.

ಕೊನೆಗೆ ಅವರೇ ಸಾಲ ಕೇಳಲು ನೆಂಟರ ಮನೆಗಳಿಗೆ ಹೋದರು. ಒಬ್ಬರು ಕಾಫಿ ಕೊಟ್ಟು, "ನಮ್ದೂ ಸಿಕ್ಕಾಕಂಡದೆ ಕಣಪ್ಪ," ಅಂದರಂತೆ.

ಅಕ್ಕ ಆ ಮಳೆಗಾಲ ದಾಟಲಿಲ್ಲ.

ಅವಧಿ ಮುಗಿದಾಗ ಹಣ ಲಾಭಸಮೇತ ಭಾವನ ಖಾತೆಗೆ ಬಂತು. ಕಂಪನಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಫೋನ್ ಮಾಡಿ ತಿಳಿಸಿದೆ.

"ಇನ್ ಯಾರ್ ಬಂದ್ ಕೇಳುದ್ರೂ ಕೊಟ್ಬುಡ್ತೀನಿ," ಅಂದರು.